ಒಂದೇ ಹಾಳೆಯ ಕಪಾಟು

ಚಾಣ ಜಾರಿ ಚನ್ನಬಸಪ್ಪನ ಹೆಬ್ಬೆರಳಿಗೆ ತಾಗಿತು. ರಕ್ತ ಬಂದರೂ ಅವನು ನಿಲ್ಲಿಸಲಿಲ್ಲ. ಅಡುಗೆಮನೆಯ ಕಪಾಟಿಗೆ ಹಚ್ಚಿದ್ದ ಕೆನೆಬಣ್ಣದ ಸನ್‌ಮೈಕಾ ಹಾಳೆಯ ಅಂಚಿಗೆ ಮತ್ತೆ ಚಾಣ ಇಟ್ಟು ಸುತ್ತಿಗೆಯಿಂದ ಹೊಡೆದ. ಹಾಳೆ ಕದಲಲಿಲ್ಲ.

ಪಡಸಾಲೆಯಲ್ಲಿ ಅವನ ಹೆಂಡತಿ ಕಾಶೀಬಾಯಿಯ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವಿನ ಹಾರ. ಎಡಗೈ ಮಾತ್ರ ಬರಿದಾಗಿತ್ತು. ಆ ಅಂಗೈಯಲ್ಲಿ ಇಷ್ಟಲಿಂಗ ಇಡದೆ ಮಣ್ಣು ಮಾಡುವಂತಿಲ್ಲ.

"ಮಠದಾಗ ಹೊಸಾ ಲಿಂಗ ಅದಾವು, ತರಸ್ಲೇನು?" ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಅಡುಗೆಮನೆಯ ಬಾಗಿಲಿಗೆ ಬಂದು ಎರಡನೇ ಸಲ ಕೇಳಿದರು. "ಹೊತ್ತು ಮೂರಾತು. ಈ ಬಿಸಲಾಗ ಹೆಣ ಎಷ್ಟೊತ್ತು ಇಡತೀರಿ?"

"ಬ್ಯಾಡ್ರಿ ಅಜ್ಜಾರ," ಎಂದಳು ಪಕ್ಕದ ಮನೆಯ ನೀಲಗಂಗವ್ವ. "ಹುಟ್ಟಿದಾಗ ಕಟ್ಟಿದ ಲಿಂಗ ಈ ಕಪಾಟಿನಾಗ ಐತಿ. ಎಂಟ ತಿಂಗಳಾತು. ಇವರಿಗೂ ಗೊತ್ತೈತಿ."

ಚನ್ನಬಸಪ್ಪ ಮತ್ತೆ ಸುತ್ತಿಗೆ ಎತ್ತಿದ.

*

ಶ್ರಾವಣದಲ್ಲಿ ಕಾಶೀಬಾಯಿಗೆ ಹುಬ್ಬಳ್ಳಿಯ ದವಾಖಾನೆಯಲ್ಲಿ ಆಪರೇಶನ್ ಆಗಿತ್ತು. ಮೈಮೇಲೆ ಏನೂ ಇರಬಾರದು ಎಂದಿದ್ದರಿಂದ, ಹೊರಡುವ ಮುಂಜಾನೆ ಅವಳು ಕೊರಳಿನ ಬೆಳ್ಳಿ ಕರಡಿಗೆಯನ್ನು ಲಿಂಗದ ಸಮೇತ ಒಲೆಯ ಪಕ್ಕದ ಕಪಾಟಿನ ಪುಟ್ಟ ಖಾನೆಯಲ್ಲಿ ಇಟ್ಟಳು. ಅದರ ಬಾಗಿಲು ಬಿಗಿ. ಕೆಳಗಿನಿಂದ ಒತ್ತಿ ಎಳೆದರೆ ಮಾತ್ರ ತೆರೆಯುತ್ತಿತ್ತು. ನಲವತ್ತು ವರ್ಷ ಅಲ್ಲಿ ರೊಟ್ಟಿ ಬಡಿದವಳಿಗೆ ಇದು ಗೊತ್ತು. ನಲವತ್ತು ವರ್ಷ ಆ ರೊಟ್ಟಿ ತಿಂದವನಿಗೆ ಗೊತ್ತಿರಲಿಲ್ಲ.

ಬೀಜದ ಕಂಪನಿಯ ಗೋದಾಮಿನಿಂದ ನಿವೃತ್ತನಾದ ಚನ್ನಬಸಪ್ಪನಿಗೆ, ಹೆಂಡತಿ ಬರುವಷ್ಟರಲ್ಲಿ ಅಡುಗೆಮನೆ ಹೊಸದು ಮಾಡಿ ತೋರಿಸುವ ಹುರುಪು. ಸಾಗವಾನಿ ಕಪಾಟು ಕೀಳುವುದು ಬೇಡ, ಮುಖಕ್ಕಷ್ಟೇ ಹೊಸ ಹಾಳೆ ಹಚ್ಚಿದರಾಯಿತು ಎಂದು ಬ್ಯಾಡಗಿಯಿಂದ ಬಡಿಗ ಮೆಹಬೂಬನನ್ನು ಕರೆಸಿದ.

"ಈ ಸಣ್ಣ ಖಾನೆ ತಗ್ಯಾಕ ಬರವಲ್ದರಿ ಅಣ್ಣಾರ," ಎಂದಿದ್ದ ಮೆಹಬೂಬ. "ಅಕ್ಕಾರಿಗೆ ಫೋನ್ ಹಚ್ಚಿ ಒಂದ ಮಾತ ಕೇಳ್ರಿ."

"ಅದರಾಗ ಏನಿರತೈತೋ! ಉದ್ದಕ ಒಂದ ಹಾಳಿ ಹಚ್ಚಿಬಿಡು. ನಡುವ ಸಂದಿ ಕಾಣಬಾರದು ನೋಡು."

ಮನೆಗೆ ಬಂದ ಕಾಶೀಬಾಯಿ ಹಾಳೆಯ ಮೇಲೆ ಕೈಯಾಡಿಸಿದಳು. "ನನ್ನ ಲಿಂಗ ಒಳಗ ಉಳೀತಲ್ರಿ," ಎಂದಳು.

ಚನ್ನಬಸಪ್ಪನ ಮುಖ ಇಳಿಯಿತು. ಆದರೆ ಅಷ್ಟರಲ್ಲಿ ಓಣಿಯ ಅರ್ಧ ಜನ ಕಪಾಟು ನೋಡಿ ಹೊಗಳಿ ಹೋಗಿದ್ದರು. ದೀಪಾವಳಿ ಆಗಲಿ, ತೆಗೆಸುತ್ತೇನೆ ಎಂದ. ಆಮೇಲೆ ಸಂಕ್ರಾಂತಿ ಆಗಲಿ ಎಂದ. ಅಲ್ಲಿಯವರೆಗೆ ಹೊಸ ಲಿಂಗ ತೆಗೆದುಕೋ ಎಂದರೆ ಅವಳು ಒಲ್ಲೆ ಎಂದಳು.

ಲಿಂಗಪೂಜೆ ಆಗದೆ ಉಣ್ಣುವ ರೂಢಿ ಅವಳಿಗಿರಲಿಲ್ಲ. ಮುಂಜಾನೆ ಮಿಂದು ಬಂದು, ಹಾಳೆಯ ಮೇಲೆ ಮೂರು ಬೆರಳು ವಿಭೂತಿ ಎಳೆದು ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಲಿಂಗ ಕೈಯಲ್ಲಿ ಹಿಡಿಯದ ಪೂಜೆ ಪೂಜೆಯಲ್ಲವೆಂದು ದಿನವಿಡೀ ಉಪವಾಸ. ರಾತ್ರಿ ಗುಳಿಗೆಯ ಸಲುವಾಗಿ ಅರ್ಧ ರೊಟ್ಟಿ. ಅವಳು ಅತ್ತ ಸರಿದದ್ದೇ ಚನ್ನಬಸಪ್ಪ ಕಲೆ ಬೀಳುತ್ತದೆಂದು ಗೊಣಗುತ್ತ ಒದ್ದೆ ಅರಿವೆಯಿಂದ ವಿಭೂತಿ ಒರೆಸುತ್ತಿದ್ದ. ಕೆಟ್ಟವನಲ್ಲ ಅವನು. ಆಸೆಪಟ್ಟು ಮಾಡಿಸಿದ್ದನ್ನು ತಾನೇ ಒಡೆಸಲು ಮನಸ್ಸು ಬರಲಿಲ್ಲ, ನಾಳೆ ನೋಡಿದರಾಯಿತು ಎಂದುಕೊಂಡ.

ಒಮ್ಮೆ ನೀಲಗಂಗವ್ವ ಕುಡಗೋಲು ಹಿಡಿದೇ ಬಂದಿದ್ದಳು. ತಡೆದವಳು ಕಾಶೀಬಾಯಿಯೇ. "ಬ್ಯಾಡವ್ವ. ಆಸೆಪಟ್ಟ ಹೌಸಿಲೆ ಮಾಡಿಸ್ಯಾರ. ಅವರ ತಗೀಲಿ."

ಇಂದು ನಸುಕಿನಲ್ಲಿ ಮಿಂದು ಬಂದವಳು ಆ ಕಪಾಟಿನ ಮುಂದೆಯೇ ಕುಸಿದಿದ್ದಳು.

*

"ಅತ್ತಾಗ ಸರೀರಿ ಅಣ್ಣಾರ." ಮಣ್ಣಿಗೆ ಬಂದಿದ್ದ ಮೆಹಬೂಬ ಅವನ ಕೈಯಿಂದ ಚಾಣ ತೆಗೆದುಕೊಂಡ. "ನಾ ಹಚ್ಚಿದ್ದು. ಎಲ್ಲಿಂದ ಏಳತೈತಿ ನನಗ ಗೊತ್ತೈತಿ."

"ಇಷ್ಟ ಗಟ್ಟಿ ಯಾಕ ಹಚ್ಚಿದ್ಯೋ?" ಎಂದ ಚನ್ನಬಸಪ್ಪ.

"ಸಂದಿ ಕಾಣಬಾರದು ಅಂತ ನೀವ ಹೇಳಿದ್ರಲ್ರಿ."

ಹಾಳೆ ಉದ್ದಕ್ಕೂ ಸೀಳಿ ಬಂತು. ಖಾನೆಯೊಳಗೆ ಬೆಳ್ಳಿ ಕರಡಿಗೆ ಕಪ್ಪಾಗಿತ್ತು. ನೀಲಗಂಗವ್ವ ಅದನ್ನು ಸೆರಗಿನಲ್ಲಿ ಹಿಡಿದು ಪಡಸಾಲೆಗೆ ಒಯ್ದಳು.

ಅಷ್ಟರಲ್ಲಿ ಹೊತ್ತು ಮೀರಿತ್ತು. ಕಾಶೀಬಾಯಿಯ ಬೆರಳುಗಳು ಸೆಟೆದು ಚಾಚಿಕೊಂಡಿದ್ದವು. ಅಯ್ಯನವರು ಎಷ್ಟು ಮಡಚಿದರೂ ಮಡಚಲಿಲ್ಲ. ಲಿಂಗ ಎರಡು ಸಲ ಜಾರಿ ಅವಳ ಮಡಿಲಿಗೆ ಬಿತ್ತು.

"ದಾರ ತರ್ರಿ, ಕಟ್ಟೂಣು," ಎಂದರು ಅಯ್ಯನವರು.

"ಕಟ್ಟಬ್ಯಾಡ್ರಿ. ನಾ ಹಿಡೀತೇನಿ," ಎಂದ ಚನ್ನಬಸಪ್ಪ.

ಲಿಂಗವನ್ನು ಅವಳ ಅಂಗೈಯಲ್ಲಿಟ್ಟು, ಆ ಕೈಯನ್ನು ತನ್ನ ಕೈಯಲ್ಲಿ ಸ್ಮಶಾನದವರೆಗೂ ಹಿಡಿದುಕೊಂಡೇ ನಡೆದ. ಓಣಿಯ ಜನರೆದುರು ಅವನು ಅವಳ ಕೈ ಹಿಡಿದದ್ದು ಅದೇ ಮೊದಲು. ಕುಣಿಯಲ್ಲಿ ಅವಳನ್ನು ಕೂರಿಸಿದಾಗ ಅವನೂ ಇಳಿದ. ಪತ್ರಿ ಹಾಕಿದರು, ವಿಭೂತಿ ಹಾಕಿದರು. ಅವನು ಹಿಡಿದ ಕೈ ಹಿಡಿದೇ ಇದ್ದ.

"ಇನ್ನ ಮ್ಯಾಲ ಬರ್ರಿ," ಎಂದರು ಅಯ್ಯನವರು. "ಮಣ್ಣ ಎಳೀಬೇಕು."

"ಬಿಟ್ರ ಬೀಳತೈತ್ರಿ ಅಜ್ಜಾರ."

ಹಿಂದೆ ನಿಂತಿದ್ದವರಿಗೆ ಅದು ಕೇಳಿಸಲಿಲ್ಲ. ಯಾರೋ ಮೊದಲ ಹಿಡಿ ಮಣ್ಣು ಹಾಕಿಬಿಟ್ಟರು. ಅದು ಇಬ್ಬರ ಕೈಗಳ ಮೇಲೆ ಬಿತ್ತು. ಚನ್ನಬಸಪ್ಪ ತನ್ನ ಇನ್ನೊಂದು ಕೈಯನ್ನೂ ಅದರ ಮೇಲೆ ಮುಚ್ಚಿದ.