ಸಾನೀತಳ ಗೆಣಸು

ಫ್ರೆಂಚರನ್ನು ದ್ವೀಪದಿಂದ ಓಡಿಸಿದ ಜನರಲ್, ಅಧ್ಯಕ್ಷನಾದ ಮರುವರ್ಷವೇ ಆಜ್ಞೆ ಹೊರಡಿಸಿದ: ಗುಲಾಮಗಿರಿಯಿಂದ ಬಿಡುಗಡೆಯಾದವರೆಲ್ಲ ಹಳೆಯ ಕಬ್ಬಿನ ತೋಟಗಳಿಗೇ ಮರಳಿ ದುಡಿಯಬೇಕು. ತಪ್ಪಿಸಿಕೊಂಡವರನ್ನು ಹಿಡಿದು ತರುವ ಕೆಲಸ ತೆಲೆಮಾಕನ ಪಾಲಿಗೆ ಬಂತು. ಯುದ್ಧದಲ್ಲಿ ಜನರಲ್‌ನ ಬಾವುಟ ಹೊತ್ತವನು ಅವನು.

ಹಾಗೆ ತೋಟ ಬಿಟ್ಟು ಬಂದು ಬೆಟ್ಟದ ಮೇಲೆ ಗುಡಿಸಲು ಹಾಕಿಕೊಂಡಿದ್ದವಳು ಮುದುಕಿ ಸಾನೀತ್. ತೆಲೆಮಾಕನ ತಾಯಿಯನ್ನು ತೋಟದ ಧಣಿಗಳು ಮಾರಿಬಿಟ್ಟಾಗ ಅವನನ್ನು ಸಾಕಿದವಳೇ ಅವಳು. ಬಾಗಿಲಲ್ಲಿ ಅವನ ಬಂದೂಕು ಕಂಡರೂ ಅವಳು ಹೆದರಲಿಲ್ಲ.

"ಬಾರೋ ಮಗಾ, ಕೂತ್ಕೋ. ಎಷ್ಟು ಸೊರಗಿದ್ದೀಯ! ನಿನ್ನ ಜನರಲ್ ಹೊಟ್ಟೆಗೇನೂ ಹಾಕಲ್ವಾ?" ಎಂದು ಕೆಂಡದಿಂದ ಗೆಣಸು ತೆಗೆದು ಅವನ ಕೈಗಿಟ್ಟಳು. "ನನ್ನದೇ ನೆಲದ್ದು ಕಣೋ. ಮೊದಲನೇ ಬೆಳೆ."

ತೆಲೆಮಾಕ್ ಸಿಪ್ಪೆಯನ್ನೂ ಬಿಡದೆ ತಿಂದ. ಆಮೇಲೆ ತಲೆ ತಗ್ಗಿಸಿ, "ಏಳಮ್ಮಾ, ತೋಟಕ್ಕೆ ಹೋಗೋಣ," ಎಂದ.

ಅವಳು ಎದ್ದಳು. "ತಿನ್ನೋಕೆ ಮುಂಚೆ ಹೇಳಬಾರದಿತ್ತೇನೋ?" ಎಂದಷ್ಟೇ ಕೇಳಿ, ಒಲೆಗೆ ನೀರು ಸುರಿದು ಮುಂದೆ ನಡೆದಳು.

ತೋಟದ ಬಾಗಿಲಲ್ಲಿ ಮೇಸ್ತ್ರಿ, "ಭಲೇ! ಜನರಲ್‌ಗೆ ತಕ್ಕ ಸಿಪಾಯಿ," ಎಂದು ಅವನ ಬೆನ್ನು ತಟ್ಟಿದ. ಹಿಂದೆಲ್ಲ ಆ ಮಾತಿಗೆ ತೆಲೆಮಾಕನ ಎದೆ ಉಬ್ಬುತ್ತಿತ್ತು. ಇಂದು ಅದು ಸಾನೀತಳ ಕಿವಿಗೂ ಬಿತ್ತಲ್ಲ ಎಂದು ನಾಚಿಕೆಯಿಂದ ಭೂಮಿಗಿಳಿದುಹೋದ.