ಪೆಲ್ಹ್ಯಾಮರ ಕಲ್ಲಿನ ಕೊನೆಯ ಸಾಲು

ಗ್ರಾನೈಟಿನ ಧೂಳು ಕಾನ್ ಹೆಗಾರ್ಟಿಯ ಎದೆ ಸೇರಿ ಹನ್ನೊಂದು ವರ್ಷವಾಗಿತ್ತು. ಉಳಿಯ ಮೇಲೆ ಹತ್ತು ಪೆಟ್ಟು ಹಾಕಿದರೆ ಒಮ್ಮೆ ಕೆಮ್ಮು. ಅದು ನಿಲ್ಲುವ ತನಕ ಕಲ್ಲಿಗೆ ಹಣೆಯೊರಗಿಸಿ ನಿಂತಿರುತ್ತಿದ್ದ. ಹಾರ್ಲೋ ಫಾಲ್ಸಿನಲ್ಲಿ ಸತ್ತ ದೊಡ್ಡವರ ಹೆಸರುಗಳನ್ನೆಲ್ಲ ಕೆತ್ತಿದವನು ಅವನೇ. ಈಗ ಹೋರೇಸ್ ಪೆಲ್ಹ್ಯಾಮರ ಸರದಿ.

ಬಟ್ಟೆ ಗಿರಣಿಯ ಗೇಟಿನೆದುರು, ಚೌಕದಲ್ಲಿ, ಎರಡಾಳೆತ್ತರದ ಕಲ್ಲು ನಿಲ್ಲಿಸಿದ್ದರು. ಹುಟ್ಟಿದ ಊರು ಕೆತ್ತಿ ಮುಗಿದಿತ್ತು. ವಕೀಲ, ಶಾಸಕ, ಗವರ್ನರ್, ಎರಡು ಬಾರಿ ಸೆನೆಟರ್. ಎಲ್ಲವೂ ಮುಗಿದಿತ್ತು. ಮಾಲೀಕರ ಪರವಾಗಿ ಗಿರಣಿ ನಡೆಸುವ ಏಜೆಂಟ್ ಥಾರ್ನ್‌ಡೈಕ್ ಬರೆದುಕೊಟ್ಟ ಚೀಟಿಯಲ್ಲಿ ಇನ್ನೊಂದೇ ಸಾಲು ಉಳಿದಿತ್ತು.

ಮಧ್ಯಾಹ್ನದ ಅರ್ಧ ಗಂಟೆ ಬಿಡುವಿನಲ್ಲಿ ಹೆಂಡತಿ ನೋರಾ ಬೇಯಿಸಿದ ಆಲೂಗಡ್ಡೆ ತಂದಳು. ತಲೆಗೂದಲ ತುಂಬ ಹತ್ತಿಯ ಎಳೆ.

“ಉಳಿ ಕೆಳಗಿಟ್ಟು ಕೂತಿದ್ದೀಯಲ್ಲ, ಯಾಕೆ?”

“ಈ ಸಾಲು ನಾ ಕೆತ್ತಲ್ಲ.”

“ಏನಂತೆ, ಓದು.”

“ಹತ್ತು ಗಂಟೆ ದುಡಿಮೆಯ ಕಾನೂನಿನ ಜನಕ.”

ನೋರಾ ಆಲೂಗಡ್ಡೆಯನ್ನು ಕಲ್ಲಿನ ಬುಡದಲ್ಲಿಟ್ಟಳು. ಹದಿನಾರರ ಹುಡುಗಿಯಾಗಿದ್ದಾಗ ಪೆಲ್ಹ್ಯಾಮರ ಮೆರವಣಿಗೆಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವಳು ಅವಳು. ಗಿರಣಿಯ ಕೆಲಸಗಾರರು ಪೆಲ್ಹ್ಯಾಮರನ್ನು ಹೆಗಲ ಮೇಲೆ ಹೊತ್ತಿದ್ದರು. ಅವರು ಶಾಸಕರಾಗಿ ಗೆದ್ದರು, ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ಕಾನೂನು ತಂದರು. ಅದರ ಬಾಲಕ್ಕೆ ತಮ್ಮ ಕೈಯಾರೆ ಒಂದು ಮಾತು ಸೇರಿಸಿದರು: ಕೆಲಸಗಾರರು ಒಪ್ಪಿ ಸಹಿ ಹಾಕಿದರೆ ಈ ಮಿತಿಯಿಲ್ಲ. ಮರುದಿನ ಬೆಳಿಗ್ಗೆ ಗೇಟಿನಲ್ಲಿ ಮೇಜು, ಕಾಗದ, ಮಸಿ. ಸಹಿ ಹಾಕದವರಿಗೆ ಆ ಕಣಿವೆಯ ಯಾವ ಗಿರಣಿಯಲ್ಲೂ ಕೆಲಸ ಸಿಗಲಿಲ್ಲ. ಗಿರಣಿಗಳು ಪೆಲ್ಹ್ಯಾಮರನ್ನು ಗವರ್ನರ್ ಮಾಡಿದವು. ಸಹಿ ಹಾಕಿದ ನೋರಾ ಮೂವತ್ತು ವರ್ಷದಿಂದ ದಿನಕ್ಕೆ ಹದಿಮೂರು ಗಂಟೆ ದುಡಿಯುತ್ತಿದ್ದಳು.

“ಜನಕನಂತೆ!” ಅಂದಳು ನೋರಾ. “ಹೆತ್ತ ದಿನವೇ ಕತ್ತು ಹಿಸುಕಿದೋನು.”

“ಅದಕ್ಕೇ ಕೆತ್ತಲ್ಲ ಅಂದಿದ್ದು.”

“ಬೇರೆಯೋನು ಬಂದು ಕೆತ್ತಾನೆ. ನಾವು ಬೀದಿಗೆ ಬೀಳ್ತೀವಿ. ಮನೆ ಗಿರಣೀದು, ಮರೀಬೇಡ.”

“ಮರೆತಿಲ್ಲ.”

ಅವಳು ಕಲ್ಲನ್ನೂ ಗೇಟನ್ನೂ ಬಹಳ ಹೊತ್ತು ನೋಡಿದಳು. ಗಿರಣಿಯ ಗಂಟೆ ಹೊಡೆಯಿತು.

“ಕೆತ್ತು, ಕಾನ್.”

“ಏನಂದೆ?”

“ಕೆತ್ತು ಅಂದೆ. ಓದು ಬಾರದೋರೂ ಕೈಯಾಡಿಸಿ ತಿಳ್ಕೊಳ್ಳೋ ಹಾಗೆ ಕೆತ್ತು.”

ಅವನಿಗೆ ಅರ್ಥವಾಗಲಿಲ್ಲ. ಆದರೂ ಬೆರಳು ಇಳಿಯುವಷ್ಟು ಆಳಕ್ಕೆ ಕೆತ್ತಿದ.

ಶನಿವಾರ ಕಲ್ಲಿನ ಅನಾವರಣ. ಪಾದ್ರಿ ಕೊನೆಯ ಸಾಲನ್ನು ಎರಡು ಸಲ ಓದಿದರು. ಗಿರಣಿಯ ಹೆಂಗಸರನ್ನು ಮೇಸ್ತ್ರಿಗಳು ಸಾಲಾಗಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು.

ಸೋಮವಾರ ಕಾನ್ ಕಲ್ಲಿನ ಬುಡದ ಮೆಟ್ಟಿಲಿಗೆ ಅಂಚು ಕಟ್ಟುತ್ತಿದ್ದ. ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಒಳಗೆ ಮಗ್ಗಗಳ ಸದ್ದು ಇದ್ದಕ್ಕಿದ್ದಂತೆ ತೆಳುವಾಯಿತು. ಗೇಟು ದಾಟಿ ನೋರಾ ಬಂದಳು. ಅವಳ ಹಿಂದೆ ಅರವತ್ತು ಹೆಂಗಸರು. ಅವರ ಹಿಂದೆ ಮೇಸ್ತ್ರಿ, ಏದುಸಿರು ಬಿಡುತ್ತ.

“ಏಯ್ ನೋರಾ! ಮಗ್ಗಕ್ಕೆ ಏನು ಬಂತು?”

“ಮಗ್ಗ ಚೆನ್ನಾಗಿದೆ ಮೇಸ್ತ್ರಿ. ಹತ್ತು ಗಂಟೆ ದುಡಿದಾಯ್ತು.”

“ಸಹಿ ಹಾಕಿದ್ದೀಯಲ್ಲೇ!”

“ಕಾಗದದಲ್ಲಿ ಹಾಕಿದ್ದೆ. ಈ ಕಲ್ಲಲ್ಲಿ ಸಹಿ ಮಾತು ಎಲ್ಲಿದೆ? ಹುಡುಕಿ ತೋರ್ಸಿ.”

“ಶನಿವಾರ ಚಪ್ಪಾಳೆ ಹೊಡೆಸಿದ್ರಲ್ಲ, ಸುಳ್ಳಿಗೋ?” ಹಿಂದಿನಿಂದ ಯಾರೋ ಕೂಗಿದರು. ಹೆಂಗಸರು ನಕ್ಕರು. ಆ ಗೇಟಿನೆದುರು ಅಷ್ಟು ಜನ ಒಟ್ಟಿಗೆ ನಕ್ಕದ್ದನ್ನು ಕಾನ್ ಹಿಂದೆಂದೂ ಕೇಳಿರಲಿಲ್ಲ. ತಾನು ಏನನ್ನು ಕೆತ್ತಿದ್ದೇನೆಂದು ಅವನಿಗೆ ಆಗ ತಿಳಿಯಿತು.

ಮಂಗಳವಾರ ಗೇಟಿನ ಮೇಲೆ ಕೆಲಸದಿಂದ ತೆಗೆದವರ ಅರವತ್ತೊಂದು ಹೆಸರು ಅಂಟಿಸಿದ್ದರು. ಒಳಗೆ ಹೊಸಬರು. ಹೆಂಗಸರು ಮನೆಗೆ ಹೋಗಲಿಲ್ಲ. ಕಲ್ಲಿನ ಸುತ್ತ ಕೂತರು. ದಾರಿಹೋಕರು ನಿಂತು ಸಾಲನ್ನು ಓದತೊಡಗಿದರು. ಪಟ್ಟಣದಿಂದ ಪತ್ರಿಕೆಯವನೊಬ್ಬ ಬಂದು ಓದಿ, ಬರೆದುಕೊಂಡು ಹೋದ.

ಮಧ್ಯಾಹ್ನ ಥಾರ್ನ್‌ಡೈಕ್ ಬಂದ.

“ಹೆಗಾರ್ಟಿ, ಆ ಸಾಲು ತೆಗೆದುಹಾಕು.”

“ಆಗಲ್ಲ ಸಾಹೇಬ್ರೆ.”

“ನೀನಿರೋ ಮನೆ ಯಾರದ್ದು, ಗೊತ್ತಲ್ಲ?”

“ನೋರಾ ಪಾತ್ರೆ ಕಟ್ಟಿಟ್ಟಾಯ್ತು.”

ಥಾರ್ನ್‌ಡೈಕನ ಮುಖ ಕೆಂಪೇರಿತು. “ಒಂದು ಸಾಲು ಕಣೋ, ಅಳಿಸೋಕೇನು ಕಷ್ಟ?”

ಕಾನ್ ಕೆಮ್ಮಿದ. ಕೆಮ್ಮು ನಿಲ್ಲುವ ತನಕ ಎಲ್ಲರೂ ಕಾದರು.

“ಇದು ಗ್ರಾನೈಟು ಸಾಹೇಬ್ರೆ. ಅಲ್ಲೊಂದೇ ಕಡೆ ಕೆರೆದ್ರೆ ಗುಂಡಿ ಕಾಣುತ್ತೆ. ಒಂದು ಸಾಲು ಹೋಗ್ಬೇಕಂದ್ರೆ ಕಲ್ಲಿನ ಇಡೀ ಮುಖಾನೇ ಅಷ್ಟಾಳ ಇಳಿಸ್ಬೇಕು. ಗವರ್ನರೂ ಹೋಗ್ತಾರೆ, ಸೆನೆಟರೂ ಹೋಗ್ತಾರೆ, ಹೆಸ್ರೂ ಉಳಿಯಲ್ಲ.” ಅವನು ಉಳಿಯನ್ನೆತ್ತಿಕೊಂಡ. “ಹೂಂ ಅನ್ನಿ. ಈಗಲೇ ಶುರು ಮಾಡ್ತೀನಿ.”