ಜೇಬಿನಲ್ಲಿಟ್ಟ ಕೈ

ಹಿಟ್ಲರನ ಜೊತೆ ಯುದ್ಧ ನಡೀತಿದ್ದ ಕಾಲ. ನಮ್ಮೂರಿಗೆ ಬಂದ ಕಮಾಂಡೋ ಪಡೆಯಲ್ಲಿ ಫ್ರೆಂಚರು, ಡಚ್ಚರು, ನಾರ್ವೆಯವರು ಎಲ್ಲರೂ ಇದ್ದರು. ಬ್ಯಾರಕ್ ಇಲ್ಲದ್ದರಿಂದ ವೇಲ್ಸ್‌ನ ಕಡಲತೀರದ ನಮ್ಮೂರಿನ ಮನೆಗಳಿಗೇ ಅವರನ್ನು ಹಂಚಿದರು. ನನ್ನ ಪಾಲಿಗೆ ಬಂದವನು ಕೀತ್ ಹಾರ್ಡಿಂಗ್. ಲಂಡನ್ನಿನವನಂತೆ.

ಮೊದಲ ಬೆಳಿಗ್ಗೆ ಓಟ್ಸ್ ಗಂಜಿ ಬಡಿಸಲು ಹೋದರೆ ಎದ್ದು ನಿಂತು ಕೈಕುಲುಕಿದ. ಮರುದಿನವೂ ಕುಲುಕಿದ. ಅದರ ಮರುದಿನ ನನಗೆ ರೇಗಿತು.

“ಲಂಡನ್ನಂತೆ ಲಂಡನ್. ಒಂದೇ ಮನೇಲಿ ಇರೋರ ಕೈನ ದಿನಾ ಬೆಳಿಗ್ಗೆ ಕುಲುಕೋ ಇಂಗ್ಲಿಷರು ಎಲ್ಲಿದ್ದಾರಪ್ಪ? ನಿಜ ಹೇಳು, ಯಾವೂರು ನಿಂದು?”

ಅವನು ಹೋಗಿ ಬಾಗಿಲು ಮುಚ್ಚಿ ಬಂದ. “ವಿಯೆನ್ನಾ. ಅಲ್ಲಿ ದಿನಾ ಹೀಗೇ ಕೈಕುಲುಕ್ತೀವಿ. ನಾನು ಯಹೂದಿ. ಈ ಹೆಸರು ಸೈನ್ಯಕ್ಕೆ ಸೇರಿದ ಮೇಲೆ ಇಟ್ಕೊಂಡಿದ್ದು. ಜರ್ಮನ್ನರ ಕೈಗೆ ಸಿಕ್ಕಿ ಇದು ಗೊತ್ತಾದ್ರೆ ಸೆರೆ ಹಾಕಲ್ಲಮ್ಮ, ಅಲ್ಲೇ ಗುಂಡು ಹೊಡೀತಾರೆ.”

“ಹಾಗಾದ್ರೆ ಕೈ ಜೇಬಲ್ಲಿ ಇಟ್ಕೊಳ್ಳೋದು ಕಲಿ.”

ಅವತ್ತಿನಿಂದ ಅವನ ಕೈ ಮುಂದೆ ಬಂದಾಗಲೆಲ್ಲ ಸೌಟಿನಿಂದ ಬಾರಿಸಿದೆ. “ನಿಮಗಿಂತ ನಮ್ಮ ಸಾರ್ಜೆಂಟೇ ವಾಸಿ,” ಅಂತ ಗೊಣಗುತ್ತಿದ್ದ. ನಾನು ಬಿಡಲಿಲ್ಲ. ಅವನೂ ಬಿಡಲಿಲ್ಲ, ಬೆಟ್ಟ ಹತ್ತಿಳಿದು ಸುಸ್ತಾಗಿ ಬಂದರೂ ಕನ್ನಡಿ ಮುಂದೆ ನಿಂತು, ಕೈ ಜೇಬಿನಲ್ಲಿಟ್ಟು, ತಲೆ ಮಾತ್ರ ಆಡಿಸುವುದನ್ನು ಅಭ್ಯಾಸ ಮಾಡುತ್ತಿದ್ದ.

ಫ್ರಾನ್ಸಿಗೆ ಹೊರಡುವ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತ. ನನಗೇ ತಡೆಯಲಾಗದೆ ಕೈ ಚಾಚಿಬಿಟ್ಟೆ.

ಅವನ ತೋಳು ಒಮ್ಮೆ ಅದುರಿತು. ಕೈ ಮಾತ್ರ ಜೇಬಿನಿಂದ ಹೊರಗೆ ಬರಲಿಲ್ಲ.

“ಬರ್ತೀನಮ್ಮ,” ಅಂತ ತಲೆಯಾಡಿಸಿ ಹೊರಟ.

ನಾನೇ ಕಲಿಸಿದ ಪಾಠ. ಚಾಚಿದ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಒಳಗೆ ಬಂದೆ.